ಪೊದೆ ಸವರುವಾಗ ಸ್ಲ್ಯಾಷರಿನ ಬೋಲ್ಟ್ ಪದೇ ಪದೇ ತುಂಡಾಗುತ್ತಿದ್ದರೆ

ತೀರ್ಥಹಳ್ಳಿ ಸಮೀಪದ ನಮ್ಮ ಎರಡು ಎಕರೆ ಬ್ಯಾಣದಲ್ಲಿ ಲಂಟಾನ ಮತ್ತು ಕಮ್ಯುನಿಸ್ಟ್ ಗಿಡ ಆಳೆತ್ತರ ಬೆಳೆದಿದ್ದವು. 45 ಎಚ್‌ಪಿ ಟ್ರ್ಯಾಕ್ಟರಿಗೆ ಐದು ಅಡಿ ಅಗಲದ ಸ್ಲ್ಯಾಷರ್ (ತಿರುಗುವ ಅಲಗುಗಳಿಂದ ಪೊದೆ ಸವರುವ ಯಂತ್ರ) ಜೋಡಿಸಿ ಸವರಲು ಹೊರಟರೆ, ಹತ್ತು ಮಾರು ಸಾಗುವಷ್ಟರಲ್ಲಿ ಎಂಜಿನ್ ಮುಕ್ಕರಿಸಿ, ಟ್ರ್ಯಾಕ್ಟರಿನ ಶಕ್ತಿಯನ್ನು ಸ್ಲ್ಯಾಷರಿಗೆ ಒಯ್ಯುವ ಪಿಟಿಓ ಶಾಫ್ಟಿನ ಶಿಯರ್ ಬೋಲ್ಟ್ ತುಂಡಾಗುತ್ತಿತ್ತು.

ಅಲಗುಗಳಿಗೆ ಸಾಣೆ ಹಿಡಿಸಿದ್ದು, ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ್ದು ಪ್ರಯೋಜನಕ್ಕೆ ಬರಲಿಲ್ಲ. ಹೆಚ್ಚು ಗಟ್ಟಿಯಾದ ಬೋಲ್ಟನ್ನಂತೂ ಹಾಕಲೇಬಾರದು. ಭಾರ ಹೆಚ್ಚಾದಾಗ ತಾನು ತುಂಡಾಗಿ ಯಂತ್ರವನ್ನು ಉಳಿಸುವುದೇ ಶಿಯರ್ ಬೋಲ್ಟಿನ ಕೆಲಸ; ಬೋಲ್ಟ್ ಉಳಿದರೆ ಗೇರ್‌ಬಾಕ್ಸ್ ಒಡೆಯುತ್ತದೆ.

ದೋಷವಿದ್ದದ್ದು ಸ್ಲ್ಯಾಷರಿನ ವಾಲಿಕೆಯಲ್ಲಿ. ಅಡಿಕೆ ಒಣಗಿಸುವ ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ ಅಳೆದಾಗ ಅದರ ಹಿಂಭಾಗವು ಮುಂಭಾಗಕ್ಕಿಂತ ಎರಡು ಅಂಗುಲ ತಗ್ಗಿನಲ್ಲಿತ್ತು. ಆದ್ದರಿಂದ ಕತ್ತರಿಸಿದ ಸದೆ ಹಿಂದಿನಿಂದ ಹೊರಬೀಳದೆ ಒಳಗೇ ಸುತ್ತಿ, ಮತ್ತೆ ಮತ್ತೆ ಅಲಗಿಗೆ ಸಿಕ್ಕಿ ಎಂಜಿನ್ನಿನ ಶಕ್ತಿಯನ್ನೆಲ್ಲ ನುಂಗುತ್ತಿತ್ತು. ಎಂಜಿನ್ ನಿಲ್ಲಿಸಿ, ಟ್ರ್ಯಾಕ್ಟರಿಗೆ ಸ್ಲ್ಯಾಷರನ್ನು ಮೇಲ್ಗಡೆ ಜೋಡಿಸುವ ಸರಳಾದ ಟಾಪ್ ಲಿಂಕನ್ನು ತಿರುಗಿಸಿ ಗಿಡ್ಡ ಮಾಡುತ್ತ, ಹಿಂಭಾಗವು ಮುಂಭಾಗಕ್ಕಿಂತ ಒಂದು ಅಂಗುಲ ಮೇಲೆ ನಿಲ್ಲುವಂತೆ ಹೊಂದಿಸಿ ಲಾಕ್ ನಟ್ ಬಿಗಿದೆ.

ಬಳಿಕ ಕೈಗತ್ತಿ ಹಿಡಿದು ಜಾಗವನ್ನೆಲ್ಲ ನಡೆದು, ಹೆಬ್ಬೆರಳಿಗಿಂತ ದಪ್ಪನೆಯ ಕಾಂಡಗಳನ್ನು ಕಡಿದು, ಹುತ್ತ ಮತ್ತು ಜಂಬಿಟ್ಟಿಗೆ ಕಲ್ಲುಗಳ ಪಕ್ಕ ಕೋಲು ನೆಟ್ಟೆ. ಪಿಟಿಓವನ್ನು ಪೊದೆಯ ಹೊರಗೇ, ಎಂಜಿನ್ ನಿಧಾನವಾಗಿರುವಾಗ ಹಾಕಿ, ನಂತರ ಎಂಜಿನ್ ವೇಗವನ್ನು 540ರ ಗುರುತಿಗೆ (ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗುವ ವೇಗ) ಏರಿಸಿ, ಲೋ ಒಂದನೇ ಗೇರಿನಲ್ಲಿ ಸ್ಲ್ಯಾಷರಿನ ಅರ್ಧ ಅಗಲವನ್ನು ಮಾತ್ರ ಪೊದೆಗೆ ಕೊಡುತ್ತ ಸಾಗಿದೆ. ಮೊದಲ ಸುತ್ತಿಗೆ ಎತ್ತರ ಒಂದು ಅಡಿ; ಸದೆ ಎರಡು ದಿನ ಬಾಡಿದ ಮೇಲೆ ಅಡ್ಡಡ್ಡಲಾಗಿ ಎರಡನೇ ಸುತ್ತು, ಆರು ಅಂಗುಲಕ್ಕೆ. ಉಳಿದ ಒಂದೂವರೆ ಎಕರೆಯಲ್ಲಿ ಒಂದೇ ಬೋಲ್ಟ್ ಹೋಯಿತು, ಅದೂ ಕೋಲು ನೆಡಲು ಮರೆತ ಕಲ್ಲಿಗೆ.