ಗುರಿ ಬರೆಯುವ ಮುಂಚೆ ‘ಯಾಕೆ’ ಬರೆಯಿರಿ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ ಸೇರಿದ ಹತ್ತು ಮಂದಿಯ ಗುರಿ ಒಂದೇ ಇರಬಹುದು: ಪಿಎಸ್‌ಐ ಆಗಬೇಕು. ಆದರೆ ಒಬ್ಬರನ್ನು ಓದಿಸುವುದು ಸಂಬಳ, ಇನ್ನೊಬ್ಬರನ್ನು ‘ಮಂದಿ ಏನಂತಾರ’ ಎಂಬ ಅಂಜಿಕೆ, ಮತ್ತೊಬ್ಬರನ್ನು ಆ ಕೆಲಸದ ಮೇಲಿನ ಆಸೆ. ಅಧಿಸೂಚನೆ ತಡವಾದಾಗ, ಕಟ್‌ಆಫ್‌ ಒಂದೆರಡು ಅಂಕದಲ್ಲಿ ತಪ್ಪಿದಾಗ ಈ ವ್ಯತ್ಯಾಸ ಹೊರಬೀಳುತ್ತದೆ.

ಅರ್ಧ ಗಂಟೆ ಬಿಡುವು ಮಾಡಿಕೊಂಡು ನೋಟ್‌ಬುಕ್ಕಿನಲ್ಲಿ ನಾಲ್ಕೈದು ಗುರಿ ಬರೆಯಿರಿ. ನೌಕರಿಯವೂ ಇರಲಿ, ಮನೆಯವೂ ಇರಲಿ. ಪ್ರತಿಯೊಂದಕ್ಕೂ ‘ಯಾಕೆ?’ ಎಂದು ಮೂರು ಸಲ ಕೇಳಿ, ಗೆಳೆಯರ ಮುಂದೆ ಮಾತಾಡುವ ಭಾಷೆಯಲ್ಲೇ ಉತ್ತರಿಸಿ. ಮೊದಲ ಉತ್ತರ ‘ಸಮಾಜ ಸೇವೆ’ ಅಂತ ಬರುತ್ತದೆ, ಅದು ಸಂದರ್ಶನಕ್ಕೆ ಇಟ್ಟುಕೊಂಡದ್ದು. ಮೂರನೆಯದನ್ನು ನಂಬಿ.

ಈಗ ವಿಂಗಡಿಸಿ. ಎಡ್ವರ್ಡ್‌ ಡೆಸಿ ಮತ್ತು ರಿಚರ್ಡ್‌ ರಯಾನ್‌ ಎಂಬ ಮನೋವಿಜ್ಞಾನಿಗಳು ಬೆಳೆಸಿದ ಸಿದ್ಧಾಂತದ ಪ್ರಕಾರ ಪ್ರೇರಣೆಯನ್ನು ‘ಒಳಗಿನದು, ಹೊರಗಿನದು’ ಎಂದು ಎರಡೇ ಹೋಳು ಮಾಡಿದರೆ ಸಾಲದು. ಸಂಬಳ, ಶಿಕ್ಷೆ ಪೂರಾ ಹೊರಗಿನವು. ನಾಚಿಕೆ, ಅಪರಾಧಿ ಭಾವ ಒಳಗೇ ಕೂತಿದ್ದರೂ ಮೂಲತಃ ಹೊರಗಿನವರ ಒತ್ತಡ. ಕೆಲಸ ಬೇಸರದ್ದಾದರೂ ಅದರ ಉಪಯೋಗ ನನಗೆ ಮುಖ್ಯ ಎಂದು ಒಪ್ಪಿಕೊಂಡದ್ದು ಮೂರನೆಯದು. ಮಾಡುವುದರಲ್ಲೇ ಖುಷಿ ಇರುವುದು ನಾಲ್ಕನೆಯದು. ಒಂದೇ ಗುರಿಯಲ್ಲಿ ಎರಡು ಮೂರು ಬೆರೆತಿರುತ್ತವೆ. ಜೋರಾದದ್ದಕ್ಕೆ ಗೆರೆ ಎಳೆಯಿರಿ. ಗೊತ್ತಾಗದಿದ್ದರೆ ಕೇಳಿಕೊಳ್ಳಿ: ‘ಪಾಸಾದದ್ದು ಊರಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದಾದರೆ ಇಷ್ಟು ಓದುತ್ತೇನೆಯೇ?’

ಹೆಚ್ಚು ಕಾಡುವುದು ನಾಚಿಕೆಯೇ. ಅದರಿಂದ ಓದುವವರು ಮೊದಮೊದಲು ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುತ್ತಾರೆ. ಒಮ್ಮೆ ಫೇಲಾದರೆ ಅಣಕು ಪರೀಕ್ಷೆ ತಪ್ಪಿಸುತ್ತಾರೆ, ಮನೆಯ ಫೋನ್‌ ಎತ್ತುವುದಿಲ್ಲ. ಕಡಿಮೆ ಅಂಕ ನೋಡುವುದೇ ಅವರಿಗೆ ಅವಮಾನ. ಇಂಥವರು ಗುರಿಯನ್ನು ರ‍್ಯಾಂಕಿನಿಂದ ಕಲಿಕೆಗೆ ತಿರುಗಿಸಬೇಕು: ಈ ತಿಂಗಳು ಶೇಕಡಾವಾರು ಮತ್ತು ಅನುಪಾತ, ದಿನಕ್ಕೆ 20 ಲೆಕ್ಕ, ತಪ್ಪಿದ್ದಕ್ಕೆ ಬೇರೆ ನೋಟ್‌ಬುಕ್‌. ಜೊತೆಗೆ ಮನೆಯಲ್ಲಿ ಒಂದು ಮಿತಿ ಮಾತಾಡಿಕೊಳ್ಳಿ. ‘ಅಪ್ಪಾ, ಇನ್ನ ಎರಡ ಸಲ ಬರೀತೀನಿ. ಆಗಲಿಲ್ಲಂದ್ರ ಹುಬ್ಬಳ್ಳ್ಯಾಗ ಕೆಲಸಾ ನೋಡ್ತೀನಿ’ ಎಂದು ಮುಂಚೆಯೇ ಹೇಳಿಬಿಟ್ಟರೆ ಅರ್ಧ ಭಾರ ಇಳಿಯುತ್ತದೆ.

ಸಂಬಳಕ್ಕಾಗಿ ದುಡಿಯುವುದು ಕೀಳಲ್ಲ. ಬೇಸರದ, ಬೇಗ ಮುಗಿಯುವ ಕೆಲಸಕ್ಕೆ ಅದೇ ಸಾಕು. ಅಂಥ ಗುರಿಗೆ ತಾರೀಕು, ಅಳತೆ ಇರಲಿ. ಬ್ಯಾಡಗಿಯ ಮೆಣಸಿನಕಾಯಿ ವಹಿವಾಟಿಗೆ ಇಳಿಯುವ ಹುಡುಗಿಗೆ ಜಿಎಸ್‌ಟಿ ಲೆಕ್ಕ ರುಚಿಸಬೇಕೆಂದಿಲ್ಲ. ಅಂಗಡಿ ನಡೆಸಲು ಅದು ಬೇಕೆಂದು ಅವಳೇ ಒಪ್ಪಿದ್ದರೆ ಕಲಿಕೆ ನಿಲ್ಲುವುದಿಲ್ಲ. ಎಂಥ ಖುಷಿಗಿಂತಲೂ ಈ ಮೂರನೆಯ ಬಗೆಯೇ ನೌಕರಿಯ ಗುರಿಗೆ ಭರವಸೆಯದು.

ಖುಷಿಯಿಂದ ಮಾಡುವುದಕ್ಕೆ ಇನಾಮು ಕಟ್ಟಬೇಡಿ. 1973ರಲ್ಲಿ ಮಾರ್ಕ್‌ ಲೆಪ್ಪರ್‌ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಪ್ರಮಾಣಪತ್ರ ಕೊಡುವುದಾಗಿ ಮೊದಲೇ ಹೇಳಲಾಗಿತ್ತು. ಆಮೇಲೆ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರ ಸುಮಾರು ಅರ್ಧದಷ್ಟೇ. ಹೇಳದೆ ಕೊಟ್ಟವರಲ್ಲಿ ಆಸಕ್ತಿ ಕುಂದಲಿಲ್ಲ. ಹಿಂದುಸ್ತಾನಿ ಸಂಗೀತ ಕಲಿಯುವ ಮಗುವಿಗೆ ‘ಪರೀಕ್ಷೆ ಪಾಸಾದರೆ ಮೊಬೈಲ್‌’ ಎನ್ನುವ ತಾಯ್ತಂದೆಯರು ಇದನ್ನು ಗಮನಿಸಬೇಕು.

ಕೊನೆಗೆ, ಪ್ರತಿ ಗುರಿಗೂ ‘ಹೀಗಾದರೆ ಹೀಗೆ’ ಎಂಬ ಒಂದು ವಾಕ್ಯ ಬರೆಯಿರಿ: ‘ಬೆಳಗಿನ ಚಹಾ ಕಪ್‌ ಕೆಳಗಿಟ್ಟ ಕೂಡಲೇ ಲೆಕ್ಕಕ್ಕೆ ಕೂರುವೆ’, ‘ಊರಿನ ಮದುವೆಗೆ ಹೋದರೆ ಬಸ್ಸಿನಲ್ಲಿ ಪ್ರಚಲಿತ ವಿದ್ಯಮಾನ ಓದುವೆ’. ‘ಸಮಯ ಸಿಕ್ಕಾಗ’ ಎಂದು ಬರೆದರೆ ಸಿಗುವುದಿಲ್ಲ.

ನಾಲ್ಕು ವಾರ ಬಿಟ್ಟು ನೋಟ್‌ಬುಕ್‌ ತೆರೆಯಿರಿ. ಅರ್ಧಕ್ಕಿಂತ ಕಡಿಮೆ ದಿನ ನಡೆದಿದ್ದರೆ ಮೊದಲು ಪ್ರಮಾಣ ಇಳಿಸಿ, 20 ಲೆಕ್ಕವನ್ನು 8 ಮಾಡಿ. ಅದೂ ಸಾಗದಿದ್ದರೆ ಮೂರನೇ ‘ಯಾಕೆ’ಯ ಉತ್ತರವನ್ನು ಮತ್ತೆ ಓದಿ, ಅದು ನಿಮ್ಮದಲ್ಲದಿದ್ದರೆ ಆ ಗುರಿಯನ್ನು ಪಟ್ಟಿಯಿಂದ ತೆಗೆಯಿರಿ.