ಚಿಕ್ಕ ಟ್ರ್ಯಾಕ್ಟರಿಗೆ ಬ್ಯಾಕ್‌ಹೋ ಆರಿಸಿಕೊಂಡ ಬಗೆ: ನನ್ನ ಅನುಭವ

ಬ್ಯಾಕ್‌ಹೋ (ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಅಗೆಯುವ ತೋಳು) ಕೊಳ್ಳಲು ಹೊರಟವರು ಮೊದಲು ಕೇಳುವುದು ಅದು ಎಷ್ಟು ಆಳ ಅಗೆಯುತ್ತದೆ ಎಂದು. ಕೈಯಲ್ಲಿರುವ ಹಣ ಮಿತವಾಗಿದ್ದರೆ ಈ ಪ್ರಶ್ನೆಯನ್ನು ಕೊನೆಗಿಟ್ಟು, ಅದನ್ನು ಟ್ರ್ಯಾಕ್ಟರಿಗೆ ಯಾವ ರೀತಿಯಲ್ಲಿ ಜೋಡಿಸುತ್ತಾರೆ ಎಂಬುದನ್ನು ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ನನ್ನದು ಇಪ್ಪತ್ತೈದು ಅಶ್ವಶಕ್ತಿಯ, ಲೋಡರ್ (ಮುಂಭಾಗದಲ್ಲಿ ಮಣ್ಣು ಎತ್ತುವ ಬಕೆಟ್ ತೋಳು) ಬಿಟ್ಟು ಸುಮಾರು ಒಂದು ಟನ್ ತೂಗುವ ಟ್ರ್ಯಾಕ್ಟರ್. ಅದರಿಂದ ಆಗಬೇಕಾಗಿದ್ದ ಕೆಲಸಗಳೆಂದರೆ ನೀರಿನ ಪೈಪಿಗೆ ಕಾಲುವೆ ತೆಗೆಯುವುದು, ಗಿಡ ನೆಡಲು ಗುಂಡಿ ತೋಡುವುದು, ಹೂಳು ತುಂಬಿದ ಚರಂಡಿಗಳನ್ನು ಬಿಡಿಸುವುದು ಮತ್ತು ಆಗೊಮ್ಮೆ ಈಗೊಮ್ಮೆ ಮರದ ಬೊಡ್ಡೆ ಕೀಳುವುದು. ಇವೆಲ್ಲ ಒಂದೇ ಸಲಕ್ಕೆ ಮುಗಿಯುವ ಕೆಲಸಗಳಾಗಿದ್ದರೆ ಬಾಡಿಗೆಗೆ ಜೆಸಿಬಿ ತರಿಸುವುದೇ ಅಗ್ಗವಾಗುತ್ತಿತ್ತು. ಆದರೆ ವರ್ಷವಿಡೀ ಚೂರುಚೂರಾಗಿ ಬರುವ ಕೆಲಸಕ್ಕೆ ಪ್ರತಿ ಸಲವೂ ದೊಡ್ಡ ಯಂತ್ರವನ್ನು ಕಾಯುತ್ತ ಕೂರುವುದು ನನಗೆ ಸರಿಹೊಂದಲಿಲ್ಲ. ಅಲ್ಲದೆ ಆ ಯಂತ್ರ ನುಗ್ಗಿ ಬರಬೇಕಾದ ದಾರಿಯನ್ನು ಮತ್ತೆ ಸಮಮಾಡಿಕೊಳ್ಳುವುದೂ ಒಂದು ಕೆಲಸವೇ.

ಜೋಡಣೆಯ ಮಾತಿಗೆ ಬರುತ್ತೇನೆ. ಚಿಕ್ಕ ಟ್ರ್ಯಾಕ್ಟರುಗಳಿಗೆ ಸಿಗುವ ಬ್ಯಾಕ್‌ಹೋಗಳು ಮುಖ್ಯವಾಗಿ ಎರಡು ಬಗೆ. ಒಂದು, ನೇಗಿಲು ಕಟ್ಟುವ ತ್ರೀ ಪಾಯಿಂಟ್ ಲಿಂಕೇಜಿಗೇ ಪಿನ್ ಹಾಕಿ ನಿಲ್ಲಿಸುವಂಥದ್ದು. ಇನ್ನೊಂದು, ಟ್ರ್ಯಾಕ್ಟರಿನ ಹೊಟ್ಟೆಯಡಿ ಉದ್ದಕ್ಕೂ ಹಾಯುವ ಉಕ್ಕಿನ ಚೌಕಟ್ಟಾದ ಸಬ್‌ಫ್ರೇಮಿನ ಮೇಲೆ ಕೂರುವಂಥದ್ದು. ಮೊದಲನೆಯದು ಅಗ್ಗ, ಯಾವ ಟ್ರ್ಯಾಕ್ಟರಿಗಾದರೂ ಹೊಂದುತ್ತದೆ, ಬೇಗ ಕಳಚಲೂಬಹುದು. ಅಷ್ಟೆಲ್ಲ ಅನುಕೂಲಗಳಿದ್ದರೂ ನಾನು ಅದನ್ನು ಬಿಟ್ಟೆ.

ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹ್ಯಾರಿ ಫರ್ಗುಸನ್ 1920ರ ದಶಕದಲ್ಲಿ ರೂಪಿಸಿದ ತ್ರೀ ಪಾಯಿಂಟ್ ಲಿಂಕೇಜ್ ನೆಲದಲ್ಲಿ ಎಳೆದುಕೊಂಡು ಹೋಗುವ ಸಲಕರಣೆಗಳಿಗಾಗಿ ಹುಟ್ಟಿದ್ದು. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಅದರ ಕೆಳಗಿನ ಎರಡು ತೋಳುಗಳನ್ನು ಹೈಡ್ರಾಲಿಕ್ ಬಲ ಮೇಲಕ್ಕೆತ್ತುತ್ತದೆಯೇ ಹೊರತು ಕೆಳಕ್ಕೆ ಒತ್ತಿ ಹಿಡಿಯುವುದಿಲ್ಲ. ಕೆಳಗಿನಿಂದ ಯಾವುದಾದರೂ ಬಲ ತಳ್ಳಿದರೆ ಅವು ತಾವಾಗಿ ಮೇಲೇಳುತ್ತವೆ. ಬ್ಯಾಕ್‌ಹೋ ಗಟ್ಟಿ ನೆಲಕ್ಕೆ ಬಕೆಟ್ ಒತ್ತಿದಾಗ ಹುಟ್ಟುವ ಪ್ರತಿಬಲ ನಿಖರವಾಗಿ ಇದೇ ದಿಕ್ಕಿನದು. ಆಗ ಮೇಲಿನ ಮೂರನೆಯ ಕೊಂಡಿಯಾದ ಟಾಪ್ ಲಿಂಕ್ ಬಾಗಿದರೆ ಅಥವಾ ಅದರ ಪಿನ್ ಕಡಿದರೆ ಇಡೀ ಬ್ಯಾಕ್‌ಹೋ ಮಡಚಿಕೊಂಡು ಟ್ರ್ಯಾಕ್ಟರಿನತ್ತ ಏಳುತ್ತದೆ. ಅದರ ಸೀಟಿನಲ್ಲಿ ಕುಳಿತವನು ಬ್ಯಾಕ್‌ಹೋ ಮತ್ತು ಟ್ರ್ಯಾಕ್ಟರಿನ ರೋಲ್‌ಬಾರಿನ (ಉರುಳಿದರೆ ಚಾಲಕನನ್ನು ಕಾಯುವ ಚೌಕಟ್ಟು) ನಡುವೆ ಸಿಕ್ಕಿಕೊಳ್ಳುತ್ತಾನೆ. ತೋಳುಗಳು ಏಳದಂತೆ ಗಟ್ಟಿ ಆಸರೆ ಕಂಬಿಗಳನ್ನು ಹಾಕಿ ಕೆಲಸ ಮಾಡುವವರಿದ್ದಾರೆ, ಆ ಏರ್ಪಾಡಿನಿಂದ ಮಡಚುವ ಅಪಾಯ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಅದರಿಂದ ಎರಡನೆಯ ತೊಂದರೆ ನೀಗುವುದಿಲ್ಲ.

ಆ ಎರಡನೆಯ ತೊಂದರೆ ಟ್ರ್ಯಾಕ್ಟರಿನ ಬೆನ್ನೆಲುಬಿಗೆ ಸಂಬಂಧಿಸಿದ್ದು. ಚಿಕ್ಕ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಇವುಗಳ ಎರಕದ ಭಾಗಗಳನ್ನು ಒಂದಕ್ಕೊಂದು ಬೋಲ್ಟ್ ಮಾಡಿ, ಅವನ್ನೇ ಮೈಯನ್ನಾಗಿ ಮಾಡಿರುತ್ತಾರೆ. ಹಿಂದುಗಡೆ ಬ್ಯಾಕ್‌ಹೋ ಎಳೆಯುತ್ತ, ತಿರುಚುತ್ತ, ಕಲ್ಲಿಗೆ ಸಿಕ್ಕಿ ಜಗ್ಗುತ್ತ ಇರುವಾಗ ಆ ಬಲವೆಲ್ಲ ಈ ಎರಕದ ಕೀಲುಗಳ ಮೂಲಕವೇ ಹಾಯುತ್ತದೆ. ಎರಕದ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಬಾಗುವಿಕೆಯನ್ನು ತಾಳುವುದಿಲ್ಲ. ಹೌಸಿಂಗ್ ಒಮ್ಮೆ ಬಿರುಕು ಬಿಟ್ಟರೆ ಟ್ರ್ಯಾಕ್ಟರನ್ನು ನಡುವೆ ಎರಡು ಮಾಡಿ ಬಿಚ್ಚಬೇಕಾಗುತ್ತದೆ, ಮತ್ತು ಆ ಖರ್ಚಿನ ಮುಂದೆ ಸಬ್‌ಫ್ರೇಮಿನ ಬೆಲೆ ಏನೂ ಅಲ್ಲ. ಸಬ್‌ಫ್ರೇಮ್ ಇದ್ದರೆ ಬಲವು ಹಿಂದಿನ ಆಕ್ಸಲಿನಿಂದ ಮುಂದಿನ ಲೋಡರ್ ಚೌಕಟ್ಟಿನವರೆಗೆ ಉಕ್ಕಿನ ತೊಲೆಗಳಲ್ಲಿ ಹಂಚಿಹೋಗಿ, ಎರಕದ ಮೈ ಬಹುಮಟ್ಟಿಗೆ ಆರಾಮವಾಗಿರುತ್ತದೆ. ಆದ್ದರಿಂದ ನನ್ನ ಬಜೆಟ್ಟಿನ ಮೊದಲ ಪಾಲು ಸಬ್‌ಫ್ರೇಮಿಗೆ ಹೋಯಿತು. ಉಳಿದುದರಲ್ಲಿ ಏನು ಸಿಗುತ್ತದೋ ಅದು ಬ್ಯಾಕ್‌ಹೋ ಎಂದು ಲೆಕ್ಕ ಹಾಕಿಕೊಂಡೆ.

ಈ ಕ್ರಮದಲ್ಲಿ ಹೊರಟಾಗ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ನನ್ನ ಟ್ರ್ಯಾಕ್ಟರಿನ ಮಾದರಿಗೆಂದೇ ಕಾರ್ಖಾನೆಯಲ್ಲಿ ತಯಾರಾದ ಸಬ್‌ಫ್ರೇಮ್ ಯಾವ ಬ್ಯಾಕ್‌ಹೋಗಳಿಗೆ ದೊರೆಯುತ್ತದೆಯೋ ಅವನ್ನಷ್ಟೇ ನೋಡಿದೆ. ವೆಲ್ಡಿಂಗ್ ಶಾಪಿನಲ್ಲಿ ಅಳತೆ ಕೊಟ್ಟು ಮಾಡಿಸಬಹುದೆಂದು ಹಲವರು ಹೇಳಿದರು. ಕೈ ಪಳಗಿದವರು ಮಾಡಿಯಾರು. ಆದರೆ ಟ್ರ್ಯಾಕ್ಟರಿನಲ್ಲಿ ಯಾವ ಬೋಲ್ಟು ರಂಧ್ರ ಎಷ್ಟು ಬಲಕ್ಕೆಂದು ಇಟ್ಟದ್ದು ಎಂಬುದು ತಯಾರಕರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಹೊಸ ಬ್ಯಾಕ್‌ಹೋ ಮತ್ತು ಹೊಸ ಸಬ್‌ಫ್ರೇಮ್ ಎರಡೂ ನನ್ನ ಕೈಗೆ ಎಟುಕುತ್ತಿರಲಿಲ್ಲವಾದ್ದರಿಂದ ಹೊಸ ಸಬ್‌ಫ್ರೇಮ್, ಬಳಸಿದ ಬ್ಯಾಕ್‌ಹೋ ಎಂದು ನಿಶ್ಚಯಿಸಿದೆ.

ಹೈಡ್ರಾಲಿಕ್ ವಿಷಯದಲ್ಲಿ ಹಣ ಉಳಿಸಲು ನಿಜವಾದ ಅವಕಾಶವಿದೆ, ಅಲ್ಲಿ ಲೆಕ್ಕ ಮಾಡಬೇಕು. ಬ್ಯಾಕ್‌ಹೋಗೆ ಆಯಿಲ್ ಎರಡು ಕಡೆಯಿಂದ ಬರಬಹುದು: ಟ್ರ್ಯಾಕ್ಟರಿನದೇ ಪಂಪಿನಿಂದ, ಇಲ್ಲವೇ ಪಿಟಿಒ ಶಾಫ್ಟಿಗೆ (ಟ್ರ್ಯಾಕ್ಟರಿನ ಹಿಂದೆ ಇಂಜಿನ್ ಬಲದಿಂದ ತಿರುಗುವ ದಂಡ) ಸಿಕ್ಕಿಸುವ ಪ್ರತ್ಯೇಕ ಪಂಪಿನಿಂದ. ಎರಡನೆಯದಕ್ಕೆ ಅದರದೇ ಟ್ಯಾಂಕು, ಫಿಲ್ಟರು, ಹೆಚ್ಚಿನ ಆಯಿಲು ಎಲ್ಲ ಬೇಕು. ಪ್ರೆಶರ್ ಬಲವನ್ನು ಕೊಡುತ್ತದೆ, ಲೀಟರುಗಳ ಹರಿವು ವೇಗವನ್ನು ಕೊಡುತ್ತದೆ ಎಂಬ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದದ್ದು ಗುಣಾಕಾರ. 63 ಮಿಲಿಮೀಟರ್ ಒಳವ್ಯಾಸದ ಸಿಲಿಂಡರಿಗೆ 150 ಬಾರ್ ಪ್ರೆಶರ್ ಕೊಟ್ಟರೆ ಅದು ಸುಮಾರು 4.8 ಟನ್ ಬಲದಿಂದ ತಳ್ಳುತ್ತದೆ. ಪಂಪ್ ಚಿಕ್ಕದಿರಲಿ ದೊಡ್ಡದಿರಲಿ ಈ ಅಂಕಿ ಬದಲಾಗುವುದಿಲ್ಲ. ಅದೇ ಸಿಲಿಂಡರ್ ಅರ್ಧ ಮೀಟರ್ ಚಾಚಿಕೊಳ್ಳಲು ಒಂದೂವರೆ ಲೀಟರಿಗಿಂತ ತುಸು ಹೆಚ್ಚು ಆಯಿಲ್ ಬೇಕು. ನನ್ನ ಟ್ರ್ಯಾಕ್ಟರಿನ ಪಂಪ್ ಈ ಕೆಲಸಕ್ಕೆ ನಿಮಿಷಕ್ಕೆ 18 ಲೀಟರ್ ಕೊಡುತ್ತದೆ, ಅಂದರೆ ಪೂರ್ತಿ ಚಾಚಲು ಐದು ಸೆಕೆಂಡು. ನಿಮಿಷಕ್ಕೆ 32 ಲೀಟರ್ ಕೊಡುವ ಪಿಟಿಒ ಪಂಪ್ ಇದ್ದರೆ ಮೂರು ಸೆಕೆಂಡು. ದಿನಗೂಲಿಗೆ ಯಂತ್ರ ಓಡಿಸುವವರಿಗೆ ಆ ಎರಡು ಸೆಕೆಂಡಿನ ವ್ಯತ್ಯಾಸ ದೊಡ್ಡದು. ಸ್ವಂತ ಕೆಲಸಕ್ಕೆ, ಅದರಲ್ಲೂ ಹೊಸದಾಗಿ ಲೀವರ್ ಹಿಡಿಯುವವನಿಗೆ, ನಿಧಾನವೇ ಒಳ್ಳೆಯದು. ಪಿಟಿಒ ಪಂಪನ್ನು ಪಟ್ಟಿಯಿಂದ ತೆಗೆದುಹಾಕಿದೆ.

ಹಾಗೆ ತೆಗೆಯುವ ಮೊದಲು ಟ್ರ್ಯಾಕ್ಟರಿನ ಹೈಡ್ರಾಲಿಕ್ ಓಪನ್ ಸೆಂಟರೋ (ಕೆಲಸವಿಲ್ಲದಾಗಲೂ ಆಯಿಲ್ ಹರಿಯುತ್ತಲೇ ಇರುವಂಥದ್ದು) ಕ್ಲೋಸ್ಡ್ ಸೆಂಟರೋ (ಆಗ ಹರಿವು ನಿಲ್ಲುವಂಥದ್ದು) ಎಂದು ಕೈಪಿಡಿ ನೋಡಿ ಖಚಿತಪಡಿಸಿಕೊಂಡೆ, ಏಕೆಂದರೆ ಬ್ಯಾಕ್‌ಹೋದ ವಾಲ್ವ್ ಅದಕ್ಕೆ ಹೊಂದಲೇಬೇಕು. ನನ್ನದು ಚಿಕ್ಕ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿರುವ ಓಪನ್ ಸೆಂಟರ್. ಹಿಂದಿನ ಸಲಕರಣೆಗಳಿಗೆ ಆಯಿಲ್ ಬಿಡುವ ರಿಮೋಟ್ ಲೀವರನ್ನು ಹಗ್ಗದಿಂದ ಕಟ್ಟಿ ಆಯಿಲ್ ಹರಿಸುವ ವಿಧಾನ ಬಳಕೆಯಲ್ಲಿದೆ. ನಾನು ಅದರ ಬದಲು ಪವರ್ ಬಿಯಾಂಡ್ ಎಂಬ ಸಂಪರ್ಕವನ್ನೇ ಹಾಕಿಸಿಕೊಂಡೆ: ಪ್ರೆಶರ್ ಲೈನ್ ಬ್ಯಾಕ್‌ಹೋದ ವಾಲ್ವಿಗೆ ಹೋಗಿ, ಅಲ್ಲಿ ಬಳಕೆಯಾಗದ ಆಯಿಲ್ ಮುಂದೆ ಲಿಫ್ಟಿಗೆ (ತ್ರೀ ಪಾಯಿಂಟ್ ತೋಳುಗಳನ್ನು ಎತ್ತುವ ಭಾಗ) ಸಾಗುತ್ತದೆ, ಮತ್ತು ಮರಳುವ ಆಯಿಲಿಗೆ ನೇರ ಟ್ಯಾಂಕಿನ ದಾರಿ ಬೇರೆಯೇ ಇರುತ್ತದೆ. ಮರಳುವ ದಾರಿ ಇಕ್ಕಟ್ಟಾದರೆ ಆಯಿಲ್ ಬಿಸಿಯಾಗುತ್ತದೆ, ವಾಲ್ವಿನ ಸೀಲುಗಳು ಹೋಗುತ್ತವೆ.

ತೂಕದ ಲೆಕ್ಕವನ್ನು ಮಾರುವವರು ಸಾಮಾನ್ಯವಾಗಿ ಎತ್ತುವುದಿಲ್ಲ. 350 ಕಿಲೋ ತೂಗುವ ಬ್ಯಾಕ್‌ಹೋದ ಭಾರಕೇಂದ್ರ ಹಿಂದಿನ ಆಕ್ಸಲಿನಿಂದ ಒಂದು ಮೀಟರ್ ಹಿಂದಿದ್ದು, ಟ್ರ್ಯಾಕ್ಟರಿನ ಎರಡು ಆಕ್ಸಲುಗಳ ನಡುವೆ 1.6 ಮೀಟರ್ ಅಂತರವಿದ್ದರೆ, ಮುಂದಿನ ಚಕ್ರಗಳಿಂದ ಸುಮಾರು 220 ಕಿಲೋ ಭಾರ ಎದ್ದುಹೋಗುತ್ತದೆ. ಹಿಂದಿನ ಆಕ್ಸಲಿನ ಮೇಲೆ 570 ಕಿಲೋ ಹೆಚ್ಚಾಗುತ್ತದೆ. ಸ್ಟಿಯರಿಂಗ್ ಹಿಡಿತದಲ್ಲಿರಬೇಕಾದರೆ ಒಟ್ಟು ತೂಕದ ಐದನೇ ಒಂದು ಪಾಲಾದರೂ ಮುಂದಿನ ಚಕ್ರಗಳ ಮೇಲಿರಬೇಕು ಎಂಬುದು ಪ್ರಚಲಿತ ನಿಯಮ. ಲೋಡರ್ ಇಲ್ಲದ ನನ್ನ ಟ್ರ್ಯಾಕ್ಟರ್ ಮುಂಭಾಗದಲ್ಲಿ ಹೊರುವುದು 400 ಕಿಲೋದಷ್ಟೇ ಆದ್ದರಿಂದ ಈ ನಿಯಮವನ್ನು ಅದು ಪಾಲಿಸಲಾರದು. ಲೋಡರ್ ಇದ್ದರೆ ಸಲೀಸಾಗಿ ಪಾಲಿಸುತ್ತದೆ. ಆ ಕಾರಣದಿಂದ ಬ್ಯಾಕ್‌ಹೋ ಹೊತ್ತಿರುವಾಗ ಲೋಡರನ್ನು ನಾನು ಕಳಚುವುದಿಲ್ಲ, ಇಳಿಜಾರಿನಲ್ಲಿ ಸಾಗುವಾಗ ಅದರ ಬಕೆಟ್ಟನ್ನು ನೆಲದ ಸಮೀಪದಲ್ಲೇ ಇಡುತ್ತೇನೆ. ಅಗೆಯುವಾಗಲೂ ಆ ಬಕೆಟ್ಟನ್ನು ನೆಲಕ್ಕೆ ಒತ್ತಿಟ್ಟರೆ ಟ್ರ್ಯಾಕ್ಟರ್ ಹಿಂದಕ್ಕೆ ಜಾರುವುದು ಕಡಿಮೆ.

ಆಳದ ಪ್ರಶ್ನೆ ಇಷ್ಟೆಲ್ಲ ಆದ ಮೇಲೆ ಬಂತು. ಪುಸ್ತಿಕೆಯಲ್ಲಿ ಮುದ್ರಿಸಿದ ಗರಿಷ್ಠ ಆಳ ತೋಳನ್ನು ನೇರ ಕೆಳಗೆ ಪೂರ್ತಿ ಚಾಚಿದಾಗಿನದು, ಅಲ್ಲಿ ಬಕೆಟ್ಟನ್ನು ಎಳೆಯುವ ಜಾಗವೇ ಉಳಿದಿರುವುದಿಲ್ಲ. ಸಮತಲವಾದ ತಳವಿರುವ ಕಾಲುವೆ ಬೇಕಾದರೆ ಆ ಅಂಕಿಯಿಂದ ಕಾಲುಭಾಗ ಕಳೆದೇ ಯೋಚಿಸುವುದು ನನ್ನ ಪದ್ಧತಿ. ನನಗೆ ಬೇಕಾಗಿದ್ದುದು ಒಂದು ಮೀಟರ್, ಅಪರೂಪಕ್ಕೆ ಒಂದೂಕಾಲು. ಎರಡು ಮೀಟರಿಗೆ ಸ್ವಲ್ಪ ಕಡಿಮೆ ಅಗೆಯುವ ಯಂತ್ರ ಸಾಕೆನಿಸಿತು. ಹೆಚ್ಚು ಆಳದ ಬ್ಯಾಕ್‌ಹೋಗೆ ತೋಳು ಉದ್ದ, ತೂಕ ಹೆಚ್ಚು, ಟ್ರ್ಯಾಕ್ಟರಿನ ಮೇಲಿನ ಜಗ್ಗಾಟವೂ ಹೆಚ್ಚು. ಅಲ್ಲದೆ 1.2 ಮೀಟರ್ ಮೀರಿದ ಕಾಲುವೆಯೊಳಗೆ ಗೋಡೆಗೆ ಆಸರೆ ಕೊಡದೆ ಯಾರನ್ನೂ ಇಳಿಸಬಾರದೆಂಬುದು ನನ್ನ ನಿಲುವು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ, ಕುಸಿದರೆ ಓಡಲು ಸಮಯವಿರುವುದಿಲ್ಲ.

ಬಕೆಟ್ ಒಂದನ್ನೇ ಕೊಂಡೆ, 300 ಮಿಲಿಮೀಟರ್ ಅಗಲದ್ದು. ಬಲ ಕಡಿಮೆಯಿರುವ ಯಂತ್ರಕ್ಕೆ ಕಿರಿದಾದ ಬಕೆಟ್ಟೇ ಲೇಸು, ಇದ್ದ ಬಲ ಕೆಲವೇ ಹಲ್ಲುಗಳ ಮೇಲೆ ಸೇರಿ ನೆಲ ಬಿಡುತ್ತದೆ. ಅಗಲ ಬೇಕಾದಲ್ಲಿ ಪಕ್ಕಪಕ್ಕದಲ್ಲಿ ಎರಡು ಸಲ ಎಳೆದರಾಯಿತು.

ಬಳಸಿದ ಬ್ಯಾಕ್‌ಹೋವನ್ನು ಪರೀಕ್ಷಿಸುವುದರಲ್ಲಿ ಬಣ್ಣ ನೋಡಿ ಮರುಳಾಗಬಾರದು ಎಂಬುದಕ್ಕಿಂತ ಮುಖ್ಯವಾದ ಮಾತು, ಎಲ್ಲಿ ಹೊಸದಾಗಿ ಬಣ್ಣ ಬಳಿದಿದ್ದಾರೆ ಎಂದು ನೋಡುವುದು. ತೋಳು ಎಡಬಲಕ್ಕೆ ತಿರುಗುವ ಮುಖ್ಯ ಪಿನ್ನಿನ ಸುತ್ತ, ಬೂಮಿನ (ತೋಳಿನ ಟ್ರ್ಯಾಕ್ಟರ್ ಕಡೆಯ ಭಾಗ) ಬುಡದಲ್ಲಿ, ಸಿಲಿಂಡರುಗಳ ಕಿವಿಗಳಲ್ಲಿ ಮಾತ್ರ ಬಣ್ಣ ತಾಜಾ ಆಗಿದ್ದರೆ ಅಡಿಯಲ್ಲಿ ವೆಲ್ಡಿಂಗ್ ಇರುವ ಸಂಭವ ಹೆಚ್ಚು. ನಾನು ತೋಳನ್ನು ಪೂರ್ತಿ ಚಾಚಿಸಿ, ಬಕೆಟ್ಟನ್ನು ನೆಲದಿಂದ ಸ್ವಲ್ಪವೇ ಎತ್ತಿಸಿ, ತುದಿಯನ್ನು ಕೈಯಿಂದ ಅಡ್ಡಡ್ಡ ಅಲ್ಲಾಡಿಸಿ ನೋಡಿದೆ. ಬಕೆಟ್ ಪಿನ್ನಿನ ಸಡಿಲವನ್ನು ಬುಷ್ (ಪಿನ್ನಿನ ಸುತ್ತಲಿನ ಲೋಹದ ಬಳೆ) ಬದಲಿಸಿ ಸರಿಪಡಿಸಬಹುದು. ಮುಖ್ಯ ತಿರುಗುಪಿನ್ನಿನ ರಂಧ್ರವೇ ಅಂಡಾಕಾರಕ್ಕೆ ಸವೆದಿದ್ದರೆ ಅದನ್ನು ಕೊರೆಸಿ ಹೊಸ ಬುಷ್ ಕೂರಿಸುವ ಖರ್ಚು ಯಂತ್ರದ ಅಗ್ಗವನ್ನೆಲ್ಲ ನುಂಗಿಬಿಡುತ್ತದೆ, ಅಂಥದ್ದನ್ನು ಅಲ್ಲೇ ಬಿಟ್ಟು ಬಂದೆ. ನಂತರ ಬೂಮನ್ನು ಎತ್ತಿಸಿ ಇಂಜಿನ್ ಆರಿಸಿ ಅದು ಎಷ್ಟು ಇಳಿಯುತ್ತದೆಂದು ದೂರದಲ್ಲಿ ನಿಂತು ಗಮನಿಸಿದೆ. ತುಸು ಇಳಿಯುವುದು ಸಹಜ, ಕಣ್ಣೆದುರೇ ಜಾರುತ್ತ ಬಂದರೆ ಸಿಲಿಂಡರಿನ ಸೀಲೋ ವಾಲ್ವೋ ಸವೆದಿದೆ. ಪಕ್ಕದ ಆಸರೆ ಕಾಲುಗಳನ್ನೂ ಹೀಗೆಯೇ ನೋಡಬೇಕು, ಏಕೆಂದರೆ ಅಗೆಯುವ ನಡುವೆ ಒಂದು ಕಾಲು ಕುಸಿಯುವುದು ಬೂಮ್ ಕುಸಿಯುವುದಕ್ಕಿಂತ ಕೆಟ್ಟದ್ದು. ರಾಡುಗಳ ಕ್ರೋಮಿನ ಮೇಲೆ ಉಗುರು ಎಳೆದಾಗ ಗೀರು ಸಿಕ್ಕಿದರೆ ಹೊಸ ಸೀಲ್ ಹಾಕಿದರೂ ಬಾಳುವುದಿಲ್ಲ. ಹೋಸುಗಳು ಹಳೆಯವೆಂದೇ ಗಣಿಸಿ ಅವುಗಳ ಬೆಲೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ, ಮತ್ತು ತಂದ ಕೂಡಲೇ ಎಲ್ಲವನ್ನೂ ಬದಲಿಸಿದೆ. ಪ್ರೆಶರ್ ಇರುವ ಹೋಸಿನಲ್ಲಿ ಸೋರಿಕೆಯನ್ನು ಕೈ ಆಡಿಸಿ ಹುಡುಕುವ ಅಭ್ಯಾಸ ಬಹಳ ಅಪಾಯಕಾರಿ. ಸೂಜಿಮೊನೆಯಷ್ಟು ರಂಧ್ರದಿಂದ ಹೊರಡುವ ಆಯಿಲ್ ಚರ್ಮವನ್ನು ತೂರಿ ಒಳಗಿಳಿಯುತ್ತದೆ, ಆಗ ತಡಮಾಡದೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ರಟ್ಟಿನ ತುಂಡನ್ನು ಹಿಡಿದು ನೋಡಿದರೆ ಸಾಕು.

ಜೋಡಿಸಿದ ಮೇಲೆ ಮೊದಲ ಕೆಲವು ಗಂಟೆಗಳ ಅಗೆತದ ನಂತರ ಸಬ್‌ಫ್ರೇಮಿನ ಬೋಲ್ಟುಗಳನ್ನೆಲ್ಲ ಕೈಪಿಡಿಯ ಅಳತೆಗೆ ಮತ್ತೆ ಬಿಗಿಮಾಡಿದೆ. ಒಂದೆರಡು ಬೋಲ್ಟುಗಳು ನಿಜವಾಗಿ ಸಡಿಲವಾಗಿದ್ದವು. ಈಗ ಪ್ರತಿ ಸಲ ಕೆಲಸಕ್ಕೆ ತೊಡಗುವ ಮುನ್ನ ಎಲ್ಲ ಪಿನ್ನುಗಳಿಗೂ ಗ್ರೀಸ್ ಹಾಕುತ್ತೇನೆ. ಬ್ಯಾಕ್‌ಹೋ ಕಳಚುವಾಗ ಅದನ್ನು ಸಮನೆಲದಲ್ಲಿ ಆಸರೆ ಕಾಲು ಮತ್ತು ಬಕೆಟ್ಟಿನ ಮೇಲೆ ನಿಲ್ಲಿಸಿ, ಇಂಜಿನ್ ಆರಿಸಿ, ಲೀವರುಗಳನ್ನೆಲ್ಲ ಆಚೀಚೆ ಆಡಿಸಿ ಉಳಿದ ಪ್ರೆಶರ್ ಬಿಡಿಸಿದ ಮೇಲೆಯೇ ಹೋಸಿನ ಕಪ್ಲರುಗಳನ್ನು (ಜೋಡಣೆಯ ತುದಿಗಳನ್ನು) ಬಿಚ್ಚಬೇಕು. ಪವರ್ ಬಿಯಾಂಡ್ ಹಾಕಿಸಿಕೊಂಡವರು ಇನ್ನೊಂದು ಕೆಲಸ ಮರೆಯಬಾರದು: ಬಿಚ್ಚಿದ ನಂತರ ಟ್ರ್ಯಾಕ್ಟರಿನ ಬದಿಯಲ್ಲಿ ಉಳಿಯುವ ಪ್ರೆಶರ್ ಕಪ್ಲರನ್ನೂ ಲಿಫ್ಟಿಗೆ ಹೋಗುವ ಕಪ್ಲರನ್ನೂ ಒಂದಕ್ಕೊಂದು ಸೇರಿಸಿಯೇ ಇಂಜಿನ್ ಚಾಲೂ ಮಾಡಬೇಕು. ಹಾಗೆ ಮಾಡದಿದ್ದರೆ ಪಂಪಿನಿಂದ ಹೊರಟ ಆಯಿಲಿಗೆ ಹೋಗಲು ದಾರಿಯಿರುವುದಿಲ್ಲ, ಲಿಫ್ಟ್ ಏಳುವುದಿಲ್ಲ, ಪಂಪಿಗೂ ಪೆಟ್ಟಾಗಬಹುದು.