ಗ್ರೀಕ್ ಕಲಿಕೆ: ಕನ್ನಡಿಗರು ಎಲ್ಲಿಂದ ಆರಂಭಿಸಬೇಕು?

ಗ್ರೀಕ್ ಕಲಿಯಲು ಹೊರಟವರು ಪುಸ್ತಕ ಕೊಳ್ಳುವ ಮೊದಲೇ ತಮಗೆ ಬೇಕಾದದ್ದು ಯಾವ ಗ್ರೀಕ್ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಪ್ಲೇಟೊ, ಸೊಫೊಕ್ಲಿಸ್ ಬರೆದ ಅಥೆನ್ಸಿನ ಪ್ರಾಚೀನ ಭಾಷೆ ಒಂದು. ಬೈಬಲಿನ ಹೊಸ ಒಡಂಬಡಿಕೆಯ ಕೊಯ್ನೆ ಇನ್ನೊಂದು. ಇಂದು ಗ್ರೀಸ್ ಮತ್ತು ಸೈಪ್ರಸ್‌ಗಳಲ್ಲಿ ಜನ ಆಡುವ ಆಧುನಿಕ ಗ್ರೀಕ್ ಮತ್ತೊಂದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೇ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಜ್ ಆರಂಭಿಸಿ ಗೋವಿಂದ ಪೈಯವರು ಮುಂದುವರಿಸಿದ ಚರ್ಚೆಯಿಂದ ಆಸಕ್ತಿ ಹುಟ್ಟಿದವರು ಹಳೆಯದನ್ನೇ ಹಿಡಿಯಬೇಕು. ಗ್ರೀಸಿನ ಥೆಸಲೊನೀಕಿ ನಗರದಲ್ಲಿ ಬಾಡಿಗೆ ಮನೆ ಹುಡುಕಬೇಕಾದವರಿಗೆ ಅದರಿಂದ ಪ್ರಯೋಜನವಿಲ್ಲ. ಈ ಲೇಖನ ಆಧುನಿಕ ಗ್ರೀಕಿಗೆ ಸಂಬಂಧಿಸಿದ್ದು.

ಹಳೆಯ ಸ್ವಬೋಧಿನಿಗಳು ಅಗ್ಗವಾಗಿ ಸಿಕ್ಕರೂ ಕೊಳ್ಳಬೇಡಿ. 1976ರವರೆಗೆ ಆಡಳಿತ ಮತ್ತು ಶಿಕ್ಷಣದಲ್ಲಿ ಕಥರೆವೂಸ ಎಂಬ ಗ್ರಾಂಥಿಕ ರೂಪಕ್ಕೆ ಮನ್ನಣೆಯಿತ್ತು. ಆ ವರ್ಷ ಆಡುನುಡಿಯಾದ ದಿಮೊತಿಕಿ ಅದರ ಸ್ಥಾನಕ್ಕೆ ಬಂದಿತು. 1982ರಲ್ಲಿ ಅಕ್ಷರಗಳ ಮೇಲಿನ ಹಲವು ಬಗೆಯ ಚಿಹ್ನೆಗಳನ್ನು ಕೈಬಿಟ್ಟು ಉಚ್ಚಾರಣೆಯ ಒತ್ತನ್ನು ತೋರಿಸುವ ಒಂದೇ ಗುರುತನ್ನು ಉಳಿಸಿಕೊಳ್ಳಲಾಯಿತು. ಹಾಗಾಗಿ ಅದಕ್ಕಿಂತ ಹಿಂದಿನ ಪುಸ್ತಕದಲ್ಲಿ ಕಲಿತದ್ದನ್ನು ಆಮೇಲೆ ಮರೆಯುವುದೇ ಒಂದು ಕೆಲಸವಾಗುತ್ತದೆ.

ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯು ಇಂಗ್ಲಿಷ್ ಮಾತೃಭಾಷೆಯವರಿಗೆ ಗ್ರೀಕ್ ಕಲಿಸಲು ಸುಮಾರು 1,100 ಗಂಟೆಗಳ ತರಗತಿ ಬೇಕೆಂದು ಅಂದಾಜು ಮಾಡಿದೆ. ಈ ಲೆಕ್ಕ ನಮಗೆ ಹಾಗೆಯೇ ಹೊಂದುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಪುಸ್ತಕಗಳ ಮೂಲಕವೇ ಗ್ರೀಕ್ ಕಲಿಯಬೇಕಾಗಿದ್ದರೂ, ಆ ಪುಸ್ತಕಗಳು ಹೆದರಿಸಿ ಹೆದರಿಸಿ ವಿವರಿಸುವ ಅನೇಕ ಸಂಗತಿಗಳು ಕನ್ನಡಿಗರಿಗೆ ಹುಟ್ಟಿನಿಂದ ಬಂದಿರುತ್ತವೆ. ಕಲಿಯುವಾಗ ಪ್ರತಿ ನಿಯಮವನ್ನೂ ಕನ್ನಡದೊಂದಿಗೆ ಹೋಲಿಸಿಕೊಳ್ಳುವುದು ಲಾಭದಾಯಕ.

ಮೊದಲ ವಾರ ಲಿಪಿಗೆ ಮೀಸಲಿರಲಿ. ಇರುವುದು 24 ಅಕ್ಷರಗಳು. ಪೈ, ಥೀಟಾ, ಸಿಗ್ಮಾಗಳನ್ನು ಗಣಿತದ ಪಾಠದಲ್ಲೇ ಕಂಡಿರುತ್ತೇವೆ. ಆದರೆ ಗಣಿತದ ಉಚ್ಚಾರಣೆಯನ್ನು ಬದಿಗಿಡಬೇಕು. ಬೀಟಾ ಇಂದಿನ ಗ್ರೀಕರ ಬಾಯಲ್ಲಿ ವೀತಾ, ಅದರ ಧ್ವನಿ ವಕಾರ. ಬಕಾರ ಬೇಕಾದಲ್ಲಿ ಮಿ (ಮ್ಯೂ) ಮತ್ತು ಪಿ (ಪೈ) ಅಕ್ಷರಗಳನ್ನು ಜೊತೆಯಾಗಿ ಬರೆಯುತ್ತಾರೆ. ರೋಮನ್ ಲಿಪಿಯ ಪಿ ಯಂತೆ ಕಾಣುವುದು ಇಲ್ಲಿ ರಕಾರ, ಚಿಕ್ಕ ವಿ ಯಂತೆ ಕಾಣುವುದು ನಕಾರ. ಪದದ ಕೊನೆಯಲ್ಲಿ ಬರುವ ಸಿಗ್ಮಾಕ್ಕೆ ಬೇರೆಯೇ ಆಕಾರವಿದೆ. ಇಂಗ್ಲಿಷಿನ ಅರ್ಧವಿರಾಮ ಚಿಹ್ನೆ ಗ್ರೀಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅಕ್ಷರಗಳನ್ನು ನೋಡಿ ಗುರುತಿಸುವುದಷ್ಟೇ ಸಾಲದು, ದಿನವೂ ಕೈಯಲ್ಲಿ ಬರೆಯಬೇಕು.

ಸ್ವರಧ್ವನಿಗಳು ಐದೇ: ಅ, ಎ, ಇ, ಒ, ಉ. ತೊಡಕಿರುವುದು ಕಾಗುಣಿತದಲ್ಲಿ. ಇಕಾರವೊಂದನ್ನೇ ಈತಾ, ಯೋತಾ, ಇಪ್ಸಿಲೊನ್ ಎಂಬ ಮೂರು ಅಕ್ಷರಗಳಿಂದಲೂ ಕೆಲವು ಜೋಡಿ ಅಕ್ಷರಗಳಿಂದಲೂ ಬರೆಯುತ್ತಾರೆ. ಬರೆದದ್ದನ್ನು ಓದುವುದು ಸುಲಭ; ಕೇಳಿದ್ದನ್ನು ತಪ್ಪಿಲ್ಲದೆ ಬರೆಯಲು ವರ್ಷಗಳೇ ಬೇಕಾಗಬಹುದು. ವ್ಯಂಜನಗಳಲ್ಲಿ ನಮಗೆ ಅನುಕೂಲವಿದೆ. ಗ್ರೀಕರ ಪ, ತ, ಕ ಗಳು ನಮ್ಮವುಗಳಂತೆಯೇ ಅಲ್ಪಪ್ರಾಣ. ಗಾಮಾ, ದೆಲ್ತಾ, ಥೀತಾಗಳನ್ನು ಮಾತ್ರ ಗ, ದ, ಥ ಎಂದು ತಿಳಿದರೆ ಕೆಟ್ಟಿತು. ಅವು ಉಸಿರು ಉಜ್ಜಿಕೊಂಡು ಹೊರಡುವ ಧ್ವನಿಗಳಾದ್ದರಿಂದ ಧ್ವನಿಮುದ್ರಿಕೆ ಕೇಳಿಯೇ ಕಲಿಯಬೇಕು.

ಕನ್ನಡಿಗರು ನಿಜವಾಗಿ ಎಡವುವುದು ಒತ್ತಿನಲ್ಲಿ, ಅಂದರೆ ಪದದ ಒಂದು ಭಾಗವನ್ನು ಉಳಿದವುಗಳಿಗಿಂತ ಗಟ್ಟಿಯಾಗಿ ಉಚ್ಚರಿಸುವುದರಲ್ಲಿ. ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥ ಬದಲಿಸುವಂತೆ ಗ್ರೀಕಿನಲ್ಲಿ ಒತ್ತು ಬೀಳುವ ಜಾಗ ಅರ್ಥ ಬದಲಿಸುತ್ತದೆ. ಪೊತೆ ಎಂಬುದರ ಮೊದಲ ಭಾಗವನ್ನು ಒತ್ತಿದರೆ ‘ಯಾವಾಗ’, ಎರಡನೆಯದನ್ನು ಒತ್ತಿದರೆ ‘ಎಂದೂ ಇಲ್ಲ’. ಒತ್ತು ಪದದ ಕೊನೆಯ ಮೂರು ಉಚ್ಚಾರಾಂಶಗಳಲ್ಲಿ ಒಂದರ ಮೇಲೆಯೇ ಬೀಳುತ್ತದೆ, ಬರವಣಿಗೆಯಲ್ಲಿ ಅದಕ್ಕೆ ಗುರುತೂ ಇರುತ್ತದೆ. ಹೊಸ ಪದವನ್ನು ಬರೆದುಕೊಳ್ಳುವಾಗ ಆ ಗುರುತನ್ನು ಬಿಟ್ಟರೆ ಪದವನ್ನು ಅರ್ಧವಷ್ಟೇ ಬರೆದಂತಾಗುತ್ತದೆ.

ವ್ಯಾಕರಣದಲ್ಲಿ ಮೊದಲು ನಾಮಪದದ ಲಿಂಗ. ಕನ್ನಡದಲ್ಲಿ ಅರ್ಥ ನೋಡಿ ಲಿಂಗ ಹೇಳಬಹುದು. ಗ್ರೀಕಿನಲ್ಲಿ ಗೋಡೆ ಪುಲ್ಲಿಂಗ, ಕುರ್ಚಿ ಸ್ತ್ರೀಲಿಂಗ, ಮೇಜು ನಪುಂಸಕಲಿಂಗ. ಮಗು ಅಲ್ಲಿಯೂ ನಪುಂಸಕವೇ, ಆದರೆ ಹುಡುಗಿಯೂ ನಪುಂಸಕ! ಆದ್ದರಿಂದ ಪದಗಳನ್ನು ಒಂಟಿಯಾಗಿ ಕಲಿಯದೆ ಅವುಗಳ ಮುಂದೆ ಬರುವ ಒ, ಇ, ತೊ ಎಂಬ (ಇಂಗ್ಲಿಷಿನ ‘ದಿ’ಯಂಥ) ಉಪಪದಗಳೊಡನೆಯೇ ಬಾಯಿಪಾಠ ಮಾಡಬೇಕು. ವಿಭಕ್ತಿಗಳು ನಾಲ್ಕೇ, ಕನ್ನಡಕ್ಕಿಂತ ಕಡಿಮೆ. ಆದರೆ ಉಪಪದವೂ ಜೊತೆಯಲ್ಲೇ ರೂಪ ಬದಲಿಸುತ್ತದೆ. ಒ ದ್ರೋಮೊಸ್ ಎಂದರೆ ರಸ್ತೆ, ತೊನ್ ದ್ರೋಮೊ ಎಂದರೆ ರಸ್ತೆಯನ್ನು, ತು ದ್ರೋಮು ಎಂದರೆ ರಸ್ತೆಯ.

ಕ್ರಿಯಾಪದದಲ್ಲಿ ಕನ್ನಡದ ಅಭ್ಯಾಸವೇ ಕೈಹಿಡಿಯುತ್ತದೆ. ‘ಬರೆಯುತ್ತೇನೆ’ ಎಂದರೆ ‘ನಾನು’ ಬೇಕಾಗದಂತೆ ಗ್ರಾಫೊ ಎಂದರೆ ಸಾಕು. ಗ್ರಾಫುಮೆ ಎಂದರೆ ಬರೆಯುತ್ತೇವೆ. ಗ್ರಾಫಿ ಎಂಬ ಒಂದೇ ರೂಪ ಬರೆಯುತ್ತಾನೆ, ಬರೆಯುತ್ತಾಳೆ, ಬರೆಯುತ್ತದೆ ಮೂರಕ್ಕೂ ಸಲ್ಲುತ್ತದೆ. ಸ್ವಲ್ಪ ನಿಧಾನವಾಗಿ ಕಲಿಯಬೇಕಾದದ್ದು ಕ್ರಿಯೆಯ ಸ್ವರೂಪದ ಭೇದ: ಥಾ ಗ್ರಾಫೊ ಎಂದರೆ ಮುಂದೆ ಬರೆಯುತ್ತಿರುತ್ತೇನೆ, ಥಾ ಗ್ರಾಪ್ಸೊ ಎಂದರೆ ಒಮ್ಮೆ ಬರೆದು ಮುಗಿಸುತ್ತೇನೆ. ಕ್ರಿಯಾಪದವನ್ನು ಕಲಿತ ದಿನವೇ ಈ ಎರಡೂ ರೂಪಗಳನ್ನು ಒಟ್ಟಿಗೆ ಬರೆದಿಟ್ಟುಕೊಳ್ಳಿ.

ಸಾಧನಗಳ ಪೈಕಿ ಲ್ಯಾಂಗ್ವೇಜ್ ಟ್ರಾನ್ಸ್‌ಫರ್‌ನ ಉಚಿತ ಗ್ರೀಕ್ ಧ್ವನಿಪಾಠಗಳು ವಾಕ್ಯ ಕಟ್ಟುವುದನ್ನು ಚೆನ್ನಾಗಿ ಕಲಿಸುತ್ತವೆ. ಡ್ಯುಯೊಲಿಂಗೊ ಪದಗಳ ಪುನರಾವರ್ತನೆಗೆ ಸಾಕು, ವ್ಯಾಕರಣಕ್ಕೆ ಸಾಲದು. ಕೆಲವು ತಿಂಗಳಾದ ಮೇಲೆ ಗ್ರೀಸಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಇಆರ್‌ಟಿಯ ವಾರ್ತೆಗಳನ್ನು ಅರ್ಥವಾಗದಿದ್ದರೂ ಕೇಳುತ್ತಿದ್ದರೆ ಒತ್ತು ಕಿವಿಗೆ ಹತ್ತುತ್ತದೆ. ಪ್ರಮಾಣಪತ್ರ ಬೇಕಾದವರಿಗೆ ಥೆಸಲೊನೀಕಿಯ ಗ್ರೀಕ್ ಭಾಷಾ ಕೇಂದ್ರ ಆರಂಭಿಕರ ಎ1ರಿಂದ ಅತ್ಯುನ್ನತ ಸಿ2ರವರೆಗಿನ ಹಂತಗಳಲ್ಲಿ ಪರೀಕ್ಷೆ ನಡೆಸುತ್ತದೆ. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ನಾಲ್ಕನ್ನೂ ಅಳೆಯುತ್ತಾರೆ. ಮಾತಿನ ಪರೀಕ್ಷೆಯಲ್ಲಿ ಪರೀಕ್ಷಕರಿಗೆ ಸಲುಗೆಯ ಯಾಸು ಅಲ್ಲ, ಯಾಸಾಸ್ ಎಂದೇ ವಂದಿಸಬೇಕು, ಕ್ರಿಯಾಪದವೂ ಬಹುವಚನದಲ್ಲಿರಬೇಕು. ನೀನು, ನೀವುಗಳ ವ್ಯತ್ಯಾಸ ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.